ಟೊಮೆಟೊ ಬೆಲೆಯಿಂದ ರೆಪೊ ದರದವರೆಗೆ: ಪರೀಕ್ಷೆಗೆ ನಾನು ಓದಿದ ಬಗೆ

ನಾನು ಬಿಎ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ. ವಿಜ್ಞಾನದ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಬ್ಯಾಂಕು, ಬಜೆಟ್ಟು, ಷೇರು ಅಂದರೆ ಪೇಪರ್‌ನಲ್ಲಿ ಕ್ರೀಡಾ ಪುಟಕ್ಕೆ ಹೋಗುವ ದಾರಿಯಲ್ಲಿ ಮಗುಚಿ ಹಾಕುವ ಪುಟ. ಇಂಥವರು ಕೆಎಎಸ್ ಪ್ರಿಲಿಮ್ಸ್‌ಗೂ ಬ್ಯಾಂಕ್ ಪರೀಕ್ಷೆಗೂ ಒಟ್ಟಿಗೆ ಓದಲು ಕೂತರೆ ಮೊದಲು ಹೆದರಿಸುವುದು ಇವೇ ಎರಡು ವಿಷಯ.

2023ರಲ್ಲಿ ನಾನು ಶುರು ಮಾಡಿದಾಗ ಲೈಬ್ರರಿಯಲ್ಲಿ ಪಕ್ಕ ಕೂರುತ್ತಿದ್ದವರೆಲ್ಲ ತಿಂಗಳ ಕರೆಂಟ್ ಅಫೇರ್ಸ್ ಪಿಡಿಎಫ್ ಹಿಡಿದಿದ್ದರು. ಸಾಲಿಗೊಂದು ಸಂಗತಿ, ನಡುನಡುವೆ ದಪ್ಪ ಅಕ್ಷರ. ನನ್ನ ಹತ್ತಿರವೂ ಇತ್ತು. ಬಾಯಿಪಾಠಕ್ಕೆ ಅಂತ ಇಟ್ಟುಕೊಂಡಿರಲಿಲ್ಲ. ಏನನ್ನು ಹುಡುಕಿ ಓದಬೇಕು ಅನ್ನುವುದಕ್ಕೆ ಅದೊಂದು ಪಟ್ಟಿ, ಅಷ್ಟೇ.

ಯಾಕೆ ಅಂದರೆ, ಹಳೇ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿ. 'ಕೆಳಗಿನ ಹೇಳಿಕೆಗಳನ್ನು ಗಮನಿಸಿ' ಅಂತ ಶುರುವಾಗುವ ಪ್ರಶ್ನೆಗಳೇ ಜಾಸ್ತಿ. ಒಂದು ಹೇಳಿಕೆ ಇಸವಿಯದ್ದೋ ಹೆಸರಿನದ್ದೋ ಆಗಿರುತ್ತದೆ. ಉಳಿದವು ಆ ವಸ್ತು ಹೇಗೆ ಕೆಲಸ ಮಾಡುತ್ತದೆ, ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದರ ಮೇಲೆ. ತಪ್ಪು ಉತ್ತರಕ್ಕೆ ಅಂಕವೂ ಹೋಗುತ್ತದೆ. ಸಾಲಿಗೊಂದು ಸಂಗತಿ ಓದಿದವರು ಮೊದಲನೇ ಹೇಳಿಕೆ ದಾಟುತ್ತಾರೆ, ಎರಡನೆಯದರಲ್ಲಿ ತಡಕಾಡುತ್ತಾರೆ.

ನಾನು ಮಾಡಿದ್ದು ಇಷ್ಟು. ನನಗೆ ಹತ್ತಿರವಿರುವ ಒಂದು ಸುದ್ದಿ ಹಿಡಿಯುವುದು. ಅದರ ಹಿಂದೆ ಹೋಗುವುದು. ಇನ್ನು 'ಯಾಕೆ' ಅನ್ನುವ ಪ್ರಶ್ನೆ ಉಳಿದಿಲ್ಲ ಅನ್ನಿಸುವವರೆಗೆ ಬಿಡದಿರುವುದು.

ಮೊದಲು ಸಿಕ್ಕಿದ್ದು ಟೊಮೆಟೊ. ಕೋಲಾರದ ಕಡೆಯವನಿಗೆ ಇದಕ್ಕಿಂತ ಹತ್ತಿರದ್ದು ಏನಿದೆ ಹೇಳಿ? 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತ್ತು. ಆ ತಿಂಗಳ ಚಿಲ್ಲರೆ ಹಣದುಬ್ಬರ ಶೇ 7.44. ಒಂದು ತರಕಾರಿ ದೇಶದ ಅಂಕಿಯನ್ನು ಅಷ್ಟು ಮೇಲೆತ್ತುತ್ತದೆಯೇ ಅಂತ ನೋಡಲು ಹೋದೆ. ಈ ಹಣದುಬ್ಬರವನ್ನು ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ, ಆಗ 2012ನ್ನು ಮೂಲ ವರ್ಷವಾಗಿ ಇಟ್ಟುಕೊಂಡಿತ್ತು. ಅದರಲ್ಲಿ ಆಹಾರ ಮತ್ತು ಪಾನೀಯದ ತೂಕ, ಅಂದರೆ ಲೆಕ್ಕದಲ್ಲಿ ಅದರ ಪಾಲು, ಶೇ 45.86. ತರಕಾರಿಗಳದ್ದು ಶೇ 6ರ ಆಸುಪಾಸು. ಟೊಮೆಟೊ ಒಂದರದ್ದು ಶೇ 1ಕ್ಕಿಂತಲೂ ಕಡಿಮೆ. ಆದರೆ ಬೆಲೆ ಹಲವು ಪಟ್ಟು ಏರಿದರೆ ಸಣ್ಣ ತೂಕವೂ ಎದ್ದು ಕಾಣುತ್ತದೆ. ಸಿಪಿಐ ಲೆಕ್ಕ ಕೊಡುವುದು ಕೇಂದ್ರದ ಸಾಂಖ್ಯಿಕ ಸಚಿವಾಲಯ. ಸಗಟು ಬೆಲೆ ಸೂಚ್ಯಂಕ ಬರುವುದು ವಾಣಿಜ್ಯ ಸಚಿವಾಲಯದ ಕಡೆಯಿಂದ. ಈ ಎರಡನ್ನು ಅದಲುಬದಲು ಮಾಡಿ ಹೇಳಿಕೆ ಬರೆಯುವುದು ಪ್ರಶ್ನೆ ತೆಗೆಯುವವರಿಗೆ ತುಂಬ ಇಷ್ಟ. ನಾನು ಇದನ್ನು ಉರು ಹೊಡೆಯಲೇ ಇಲ್ಲ, ಟೊಮೆಟೊ ಹಿಂದೆ ಹೋದವನಿಗೆ ದಾರಿಯಲ್ಲಿ ಸಿಕ್ಕಿತು.

ಮುಂದಿನ 'ಯಾಕೆ' ಇನ್ನೂ ಚೆನ್ನಾಗಿತ್ತು. ಹಣದುಬ್ಬರ ಶೇ 4ರ ಹತ್ತಿರ ಇರಬೇಕು, ಆಚೀಚೆ ಶೇ 2 ಆಗಬಹುದು ಅನ್ನುವುದು ಗುರಿ. ಗುರಿ ಇಡುವುದು ಕೇಂದ್ರ ಸರ್ಕಾರ, ರಿಸರ್ವ್ ಬ್ಯಾಂಕ್ ಜೊತೆ ಸಮಾಲೋಚಿಸಿ, ಐದು ವರ್ಷಕ್ಕೊಮ್ಮೆ. ಅದನ್ನು ಸಾಧಿಸುವ ಹೊಣೆ 2016ರಲ್ಲಿ ಬಂದ ಹಣಕಾಸು ನೀತಿ ಸಮಿತಿಯದ್ದು. ಆರು ಜನ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮ ಆದರೆ ಗವರ್ನರ್ ಇನ್ನೊಂದು ಮತ ಹಾಕಬಹುದು. ಸರಿ, ಹಣದುಬ್ಬರ ಶೇ 6 ದಾಟಿತಲ್ಲ, 2023ರ ಆಗಸ್ಟ್ 10ರ ತೀರ್ಮಾನದಲ್ಲಿ ಇವರು ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸಿರಬೇಕು ಅಲ್ವಾ? ಏರಿಸಲಿಲ್ಲ. ಶೇ 6.5ರಲ್ಲೇ ಇಟ್ಟರು.

ಉತ್ತರಕ್ಕೆ ಎರಡು ಕಡೆ ಹೋಗಬೇಕಾಯಿತು. ಒಂದು ರಿಸರ್ವ್ ಬ್ಯಾಂಕಿನ ಸಭೆಯ ನಡಾವಳಿ. ಸಭೆ ಮುಗಿದ ಹದಿನಾಲ್ಕನೇ ದಿನ ಅದು ಹೊರಗೆ ಬರುತ್ತದೆ. ಆರು ಜನರಲ್ಲಿ ಯಾರು ಯಾವ ಕಡೆ ಮತ ಹಾಕಿದರು, ಯಾಕೆ ಅನ್ನುವುದು ಅದರಲ್ಲಿ ಇರುತ್ತದೆ. ಇನ್ನೊಂದು ಹೊಲ. ಆ ವರ್ಷ ನಮ್ಮ ಕಡೆ ಎಲೆ ಮುರುಟು ರೋಗ ಬಂದಿತ್ತು. ಅದು ವೈರಸ್ ರೋಗ, ಹರಡುವುದು ಬಿಳಿನೊಣ. ಬಡ್ಡಿ ಏರಿಸಿದರೆ ಬಿಳಿನೊಣ ಕಡಿಮೆ ಆಗುತ್ತದೆಯೇ? ಸಾಲ ತುಟ್ಟಿಯಾದರೆ ಜನ ಮನೆ, ಕಾರು ಕೊಳ್ಳುವುದನ್ನು ಮುಂದೂಡುತ್ತಾರೆ, ಬೇಡಿಕೆ ತಗ್ಗುತ್ತದೆ. ಇಲ್ಲಿ ಕೊರತೆ ಆಗಿದ್ದು ಪೂರೈಕೆಯಲ್ಲಿ. ಸಸಿ ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಹೊಸ ಹಣ್ಣು ಬರುತ್ತದೆ, ಬೆಲೆ ತಾನಾಗಿ ಇಳಿಯುತ್ತದೆ. ಹಾಗೇ ಆಯಿತು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 5.02ಕ್ಕೆ ಬಂತು. ಅರ್ಥಶಾಸ್ತ್ರವೂ ವಿಜ್ಞಾನವೂ ಒಂದೇ ಗಿಡದಲ್ಲಿ ಸಿಕ್ಕಿದ್ದು ನನಗೆ ಇಲ್ಲೇ.

ಇದೇ ಎಳೆ ಹಿಡಿದು ಇನ್ನೂ ಎರಡು ಮನೆ ಮುಂದೆ ಹೋದೆ. ರೆಪೊ ಏರಿದರೆ ಗೃಹ ಸಾಲದ ಬಡ್ಡಿ ಇಷ್ಟು ಬೇಗ ಯಾಕೆ ಏರುತ್ತದೆ? 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಬದಲಾಗುವ ಬಡ್ಡಿಯ ಗೃಹ ಸಾಲ, ವಾಹನ ಸಾಲದಂಥವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಬೇಕು ಅಂತ ನಿಯಮ ಬಂದಿದೆ. ಗುರಿ ತಪ್ಪಿದರೆ ಏನು? ಸತತ ಮೂರು ತ್ರೈಮಾಸಿಕ ಶೇ 2ರಿಂದ 6ರ ಗೆರೆಯ ಹೊರಗಿದ್ದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಮೊದಲ ಸಲ ಹಾಗೆ ಆಯಿತು. ಒಂದು ಟೊಮೆಟೊದಿಂದ ಇಷ್ಟು ಹೊರಟಿತು ನೋಡಿ.

ಬ್ಯಾಂಕಿಂಗ್ ಇತಿಹಾಸಕ್ಕೆ ಕರಾವಳಿ ಹಿಡಿದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. ದೇಶದ ಬ್ಯಾಂಕಿಂಗ್ ಕಥೆಯ ಅರ್ಧ ಭಾಗ ಈ ಐದರಲ್ಲೇ ಸಿಗುತ್ತದೆ. 1969ರ ಜುಲೈನಲ್ಲಿ 14 ಬ್ಯಾಂಕ್ ರಾಷ್ಟ್ರೀಕರಣ ಆದಾಗ ಕೆನರಾ, ಸಿಂಡಿಕೇಟ್ ಅದರೊಳಗೆ. ಅಳತೆಗೋಲು 50 ಕೋಟಿ ರೂಪಾಯಿ ಠೇವಣಿ. 1980ರಲ್ಲಿ ಇನ್ನೂ ಆರು, ಅದರಲ್ಲಿ ಕಾರ್ಪೊರೇಷನ್ ಮತ್ತು ವಿಜಯ. ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. ವಿಲೀನದ ಕಾಲ ಬಂದಾಗ 2019ರ ಏಪ್ರಿಲ್‌ನಲ್ಲಿ ವಿಜಯ ಬ್ಯಾಂಕ್ ಬರೋಡಾ ಬ್ಯಾಂಕಿಗೆ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ನನಗೆ ಇಷ್ಟವಾದ ಭಾಗ. 1928ರಲ್ಲಿ ಶುರು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಿಂದ ಕೂಡಿಸಿಕೊಂಡು ಹೋಗುತ್ತಿದ್ದರು. ಜನಧನ ಖಾತೆ ಬಗ್ಗೆ ಮೇನ್ಸ್‌ನಲ್ಲಿ ಬರೆಯುವವರು ಇದೊಂದು ಸಾಲು ಸೇರಿಸಿದರೆ ಉತ್ತರಕ್ಕೆ ಬೇರೆ ಕಳೆ.

ಇನ್ನು ವಿಜ್ಞಾನ. ಉಪಗ್ರಹಗಳ ಪಟ್ಟಿ, ಕ್ಷಿಪಣಿಗಳ ಪಟ್ಟಿ, ಯಾವುದು ಎಷ್ಟು ಕಿಲೋಮೀಟರ್ ಹಾರುತ್ತದೆ ಅನ್ನುವ ಪಟ್ಟಿ: ಇವುಗಳಲ್ಲಿ ನನಗೆ ನಂಬಿಕೆ ಇಲ್ಲ. ಒಂದನ್ನು ಪೂರ್ತಿ ತಿಳಿದರೆ ಉಳಿದ ಹತ್ತು ಅರ್ಧ ತಿಳಿಯುತ್ತವೆ.

ಸೂರ್ಯನನ್ನು ನೋಡಲು ಇಸ್ರೊ ಕಳಿಸಿದ ನೌಕೆ ಆದಿತ್ಯ ಎಲ್1 ತೆಗೆದುಕೊಳ್ಳಿ. 2023ರ ಸೆಪ್ಟೆಂಬರ್ 2ರಂದು ಪಿಎಸ್ಎಲ್‌ವಿ-ಸಿ57ರಲ್ಲಿ ಹೋಯಿತು, 2024ರ ಜನವರಿ 6ರಂದು ಎಲ್1 ಅನ್ನುವ ತನ್ನ ಜಾಗ ಸೇರಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್. ಇಷ್ಟನ್ನು ಎಲ್ಲರೂ ಬರೆದುಕೊಂಡಿರುತ್ತಾರೆ. ಅಲ್ಲೇ ಯಾಕೆ? ಸೂರ್ಯನಿಗೆ ಹತ್ತಿರ ಇರುವುದು ಬೇಗ ಸುತ್ತಬೇಕು, ಬುಧ ಭೂಮಿಗಿಂತ ಬೇಗ ಸುತ್ತುವ ಹಾಗೆ. ಭೂಮಿಗೂ ಸೂರ್ಯನಿಗೂ ನಡುವೆ ಇರುವ ನೌಕೆ ಹಾಗಾದರೆ ಭೂಮಿಯನ್ನು ಬಿಟ್ಟು ಮುಂದೆ ಓಡಬೇಕು. ಎಲ್1ನಲ್ಲಿ ಭೂಮಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ಸೂರ್ಯನ ಎಳೆತ ಅಷ್ಟರ ಮಟ್ಟಿಗೆ ಕಡಿಮೆ ಆದಂತೆ. ಹಾಗಾಗಿ ನೌಕೆಗೂ ಭೂಮಿಯಂತೆ ಒಂದು ಸುತ್ತಿಗೆ ಒಂದು ವರ್ಷ. ನಡುವೆ ಗ್ರಹಣ ಇಲ್ಲ, ಸೂರ್ಯ ಸದಾ ಕಾಣುತ್ತಾನೆ. 'ಎಲ್1ನಲ್ಲಿ ಗುರುತ್ವ ಇಲ್ಲ' ಅನ್ನುವ ಹೇಳಿಕೆ ಮಾಕ್ ಟೆಸ್ಟ್‌ನಲ್ಲಿ ಬಂದಾಗ ಸುಮ್ನೆ ಹೊಡೆದು ಹಾಕಬಹುದು. ನೌಕೆಯ ಮುಖ್ಯ ಉಪಕರಣ ಸೂರ್ಯನ ತಟ್ಟೆಯನ್ನು ಮರೆಮಾಡಿ, ಕೃತಕ ಗ್ರಹಣ ಮಾಡಿಕೊಂಡು ಸುತ್ತಲಿನ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ, ನೋಡುತ್ತದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ತನ್ನ ಹೊಸಕೋಟೆಯ ಆವರಣದಲ್ಲಿ. ನಾನು ಬಸ್ಸಿನಲ್ಲಿ ಹಾದುಹೋಗುವ ಊರು ಅದು, ಹಾಗಾಗಿ ಮರೆಯುವ ಪ್ರಶ್ನೆಯೇ ಇಲ್ಲ.

ಪರಮಾಣು ವಿದ್ಯುತ್ತಿಗೆ ಕೈಗಾ ಸಾಕಾಯಿತು. ಅದರ ಒಂದನೇ ಘಟಕ ನಿಲ್ಲದೆ 962 ದಿನ ಓಡಿ 2018ರ ಕೊನೆಗೆ ನಿಂತಿತು, ಆಗ ಅದು ವಿಶ್ವ ದಾಖಲೆ. ನೋಟ್ಸ್‌ಗಳು ಇಲ್ಲಿಗೆ ನಿಲ್ಲುತ್ತವೆ. ಅಷ್ಟು ದಿನ ನಿಲ್ಲಿಸದೆ ಓಡಿಸಿದರೆ ಇಂಧನ ತುಂಬಿದ್ದು ಯಾವಾಗ? ಹೆಚ್ಚಿನ ರಿಯಾಕ್ಟರ್‌ಗಳನ್ನು ಇಂಧನ ಬದಲಿಸಲು ನಿಲ್ಲಿಸಲೇಬೇಕು. ಕೈಗಾ ಮಾದರಿಯ ಭಾರಜಲ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ಹಾಕಬಹುದು. ಭಾರಜಲ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರು, ಯಾಕೆ ಬೇಕು? ನಾವು ಹಾಕುವುದು ಸಹಜ ಯುರೇನಿಯಂ. ಅದರಲ್ಲಿ ಸೀಳುವ ಯುರೇನಿಯಂ-235 ಶೇ 0.7 ಮಾತ್ರ. ಮಾಮೂಲಿ ನೀರು ನ್ಯೂಟ್ರಾನ್‌ಗಳನ್ನು ಹೆಚ್ಚು ನುಂಗುತ್ತದೆ, ಸರಪಳಿ ಕ್ರಿಯೆ ನಿಂತುಹೋಗುತ್ತದೆ. ಭಾರಜಲ ಅವುಗಳ ವೇಗ ತಗ್ಗಿಸುತ್ತದೆ, ನುಂಗುವುದು ತೀರಾ ಕಡಿಮೆ. ಅಂದ ಹಾಗೆ ಆ ದಾಖಲೆ ಈಗ ಕೈಗಾದ್ದಲ್ಲ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಮುರಿಯಿತು. ಅದೂ ಭಾರಜಲದ್ದೇ, ಮತ್ತೆ ಅದೇ ಕಾರಣ. ಹಳೇ ಗೈಡುಗಳು ಇನ್ನೂ ಕೈಗಾ ಅಂತಲೇ ಛಾಪಿಸುತ್ತಿವೆ.

ಬ್ಯಾಟರಿಗೆ ಬೇಕಾದ ಲೋಹ ಲಿಥಿಯಂನಲ್ಲಿ ವ್ಯಾಪಾರ, ವಿಜ್ಞಾನ ಮತ್ತೆ ಕೂಡುತ್ತವೆ. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅಂತ ಸುದ್ದಿಯಾಯಿತು. ಅದಕ್ಕೂ ಮೊದಲು ನಮ್ಮ ಮಂಡ್ಯದ ಮರಳಗಾಲ ಭಾಗದಲ್ಲಿ 1,600 ಟನ್ ಅಂತ ಬಂದಿತ್ತು. ಟಿವಿಯವರು ದೇಶದ ಹಣೆಬರಹವೇ ಬದಲಾಯಿತು ಅಂದರು. ನಾನು ಪ್ರಕಟಣೆ ತೆಗೆದು ಓದಿದೆ. ರಿಯಾಸಿ ಅಂಕಿ ಜಿ3 ಹಂತದ್ದು. ಜಿ4 ಮೇಲುಮೇಲಿನ ಹುಡುಕಾಟ, ಜಿ1 ಪೂರ್ತಿ ಪರಿಶೋಧನೆ. ಜಿ3 ಅಂದರೆ ಇನ್ನೂ ಅಂದಾಜು. ಗಣಿ ಮಾಡಿ ಲಾಭ ಬರುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಮುಂದೆ ಅದರ ಹರಾಜಿಗೆ ಸಾಕಷ್ಟು ಬಿಡ್‌ದಾರರೇ ಬರಲಿಲ್ಲ, ರದ್ದಾಯಿತು. ಬ್ಯಾಟರಿಯ ವಿಜ್ಞಾನಕ್ಕೆ 2019ರ ರಸಾಯನಶಾಸ್ತ್ರ ನೊಬೆಲ್‌ನ ಸರಳ ಟಿಪ್ಪಣಿ ಓದಿದೆ. ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರೂ ಒಂದೊಂದು ಹೆಜ್ಜೆ ಹೇಗೆ ಮುಂದಿಟ್ಟರು ಅನ್ನುವುದು ಅದರಲ್ಲಿ ಕಥೆಯಂತೆ ಇದೆ. ನೊಬೆಲ್ ಸಂಸ್ಥೆ ವಿಜ್ಞಾನದ ಪ್ರತಿ ಬಹುಮಾನಕ್ಕೂ ಇಂಥದ್ದೊಂದು ಬರೆಯುತ್ತದೆ. ಪುಕ್ಕಟೆ ಸಿಗುವ ಇಷ್ಟು ಒಳ್ಳೆಯ ಓದನ್ನು ಬಿಟ್ಟು ಜನ ಗೈಡಿಗೆ ದುಡ್ಡು ಸುರಿಯುತ್ತಾರೆ.

ಓದಿನ ಮೂಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಜ್ಞಾನಕ್ಕೆ ಎಂಟರಿಂದ ಹತ್ತರವರೆಗಿನ ಶಾಲಾ ಪುಸ್ತಕ ಮೊದಲು, ಆಮೇಲೆ ಇಸ್ರೊ ಪುಟ. ಅರ್ಥಶಾಸ್ತ್ರಕ್ಕೆ ರಿಸರ್ವ್ ಬ್ಯಾಂಕಿನ ಪ್ರಶ್ನೋತ್ತರ ವಿಭಾಗ, ಬಜೆಟ್‌ಗೆ ಮೊದಲು ಬರುವ ಆರ್ಥಿಕ ಸಮೀಕ್ಷೆ. ಸಮೀಕ್ಷೆಯನ್ನು ಪೂರ್ತಿ ಓದಲಿಲ್ಲ. ನನ್ನ ಎಳೆಗಳಿಗೆ ಸಿಕ್ಕುವ ಅಧ್ಯಾಯಗಳನ್ನಷ್ಟೇ ಓದಿದೆ. ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ, ನಿಧಾನವಾಗಿ ಓದಿ ಕನ್ನಡದಲ್ಲಿ ಬರೆದುಕೊಂಡೆ. ಯಾವ ಕಂಪನಿಯ ಷೇರು ಎಷ್ಟಾಯಿತು, ಸೆನ್ಸೆಕ್ಸ್ ಇವತ್ತು ಎಲ್ಲಿ ನಿಂತಿತು ಅನ್ನುವುದನ್ನು ಪೂರ್ತಿ ಬಿಟ್ಟೆ. ಒಂದು ಪ್ರಶ್ನೆಯೂ ಅಲ್ಲಿಂದ ಬರಲಿಲ್ಲ.

ಒಂದು ಎಳೆಗೆ ಒಂದು ಹಾಳೆ. ಬದಲಾಗದ ವಿಷಯ ಪೆನ್ನಿನಲ್ಲಿ, ಬದಲಾಗುವ ಅಂಕಿ ಪೆನ್ಸಿಲಿನಲ್ಲಿ. ಸಮಿತಿಯಲ್ಲಿ ಆರು ಜನ, ಇದು ಪೆನ್ನು. ರೆಪೊ 6.5, ಇದು ಪೆನ್ಸಿಲು. 2025ರ ಫೆಬ್ರವರಿಯಲ್ಲಿ ಅದು 6.25 ಆಯಿತು, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.5. ಅಷ್ಟು ಹೊತ್ತಿಗೆ ಆ ಹಾಳೆ ನನ್ನ ತಮ್ಮನ ಕೈಯಲ್ಲಿತ್ತು. ಅವನು ಅಳಿಸಿ ಬರೆದದ್ದು ಆ ಒಂದು ಅಂಕಿಯನ್ನು ಮಾತ್ರ.