ಉಡುಗೊರೆಗೆ ಮೆಕ್ಯಾನಿಕಲ್ ಪೆನ್ಸಿಲ್: ಮೊದಲು ಮೂತಿ ನೋಡಿ

ನನ್ನ ತಂಗಿಯ ಮಗಳು ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಹಿತ್ತಾಳೆ ಮೈಯ ಮೆಕ್ಯಾನಿಕಲ್ ಪೆನ್ಸಿಲ್, ಅಂದರೆ ಒತ್ತಿದರೆ ಲೆಡ್ (ಬರೆಯುವ ಕಡ್ಡಿ) ಹೊರಬರುವಂಥದ್ದು, ಕೊಟ್ಟಿದ್ದೆ. ಒಳ್ಳೆ ತೂಕ, ಗಟ್ಟಿಮುಟ್ಟು. ಮೂರನೇ ದಿನ ಮೇಜಿನಿಂದ ಬಿತ್ತು. ಮೈಗೆ ಗೀರೂ ಬಿದ್ದಿರಲಿಲ್ಲ, ಆದರೆ ಲೆಡ್ ಹೊರಬರುವ ಸಣ್ಣ ಕೊಳವೆ ಸೊಟ್ಟಗಾಗಿತ್ತು. ಆಮೇಲೆ ಹಾಕಿದ ಲೆಡ್ ಎಲ್ಲಾ ಒಳಗೇ ಮುರಿಯತೊಡಗಿತು. ಅವಳ ಸಪ್ಪೆ ಮುಖ ಇನ್ನೂ ನೆನಪಿದೆ.

ಅಂದಿನಿಂದ ಮೈ ಎಷ್ಟು ಗಟ್ಟಿ ಅಂತ ನೋಡುವ ಮೊದಲು ಮೂತಿ ನೋಡುತ್ತೇನೆ. ಭಾರದ ಪೆನ್ಸಿಲ್ ಮೂತಿ ಕೆಳಗಾಗಿ ಬಿದ್ದರೆ ಆ ಭಾರವೆಲ್ಲ ತೆಳು ಕೊಳವೆಯ ಮೇಲೇ ಬೀಳುತ್ತದೆ, ಅಲ್ವಾ?

ಪೆನ್ಸಿಲ್ ಜೇಬಿನಲ್ಲೋ ಚೀಲದಲ್ಲೋ ಓಡಾಡುವುದಾದರೆ ಮೂತಿ ಒಳಗೆ ಹೋಗುವಂಥದ್ದನ್ನೇ ಆರಿಸಿ. ಪೆಂಟೆಲ್ ಗ್ರಾಫ್‌ಗಿಯರ್ 1000ರಲ್ಲಿ ಕ್ಲಿಪ್ ಒತ್ತಿದರೆ ಮೂತಿ ಒಳಗೆ ಸರಿಯುತ್ತದೆ. ರಾಟ್ರಿಂಗ್ 800ರಲ್ಲಿ ತಿರುಗಿಸಬೇಕು. ರಾಟ್ರಿಂಗ್ 600 ಕೂಡ ಚೆಂದದ ಪೆನ್ಸಿಲ್, ಆದರೆ ಅದರ ಮೂತಿ ಸದಾ ಹೊರಗೇ ಇರುತ್ತದೆ. ಮೇಜು ಬಿಟ್ಟು ಕದಲದವರಿಗೆ ಅದು ಸರಿ. ಚಿಕ್ಕ ಮಕ್ಕಳಿಗಾದರೆ ಪೆಂಟೆಲ್ ಪಿ205 ನನಗಿಷ್ಟ. ಹಗುರ ಪ್ಲಾಸ್ಟಿಕ್ ಮೈ, ಬಿದ್ದರೂ ಪೆಟ್ಟು ಕಮ್ಮಿ.

ಇನ್ನು ಲೆಡ್ ದಪ್ಪ. ಒತ್ತಿ ಬರೆಯುವವರಿಗೆ 0.5 ಮಿಲಿಮೀಟರ್‌ನದು ಕೊಟ್ಟರೆ ಟಕಟಕ ಮುರಿಯುತ್ತಲೇ ಇರುತ್ತದೆ. 0.7 ಕೊಡಿ. ಅಳತೆಯಲ್ಲಿ ವ್ಯತ್ಯಾಸ 0.2 ಮಿಲಿಮೀಟರ್ ಅಷ್ಟೇ, ಆದರೆ ಅದೇ ಬಗೆಯ ಲೆಡ್ ಆದರೆ ಸಾಕಷ್ಟು ಜಾಸ್ತಿ ಒತ್ತಡ ತಾಳುತ್ತದೆ. 0.3 ತುಂಬಾ ನಾಜೂಕು. ಅವರೇ ಕೇಳಿದರೆ ಮಾತ್ರ ಕೊಡಿ.

ಅಂಗಡಿಯವರನ್ನು ಕೇಳಿ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಾನು ಮಾಡುವುದು ಇಷ್ಟು. ಹತ್ತು ಸಲ ಒತ್ತಿ, ಪ್ರತಿ ಸಲವೂ ಲೆಡ್ ಒಂದೇ ಅಳತೆ ಹೊರಬರುತ್ತದಾ ಅಂತ ಗಮನಿಸುತ್ತೇನೆ. ಆಮೇಲೆ ಲೆಡ್ಡನ್ನು ಒಂದು ಮಿಲಿಮೀಟರ್‌ನಷ್ಟೇ ಉಳಿಸಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಕಾಗದಕ್ಕೆ ಒತ್ತುತ್ತೇನೆ. ಲೆಡ್ ಒಳಗೆ ಜಾರಿದರೆ ಒಳಗಿನ ಹಿಡಿತ ಸಡಿಲ ಅಂತ ಅರ್ಥ. ಅದು ಬೇಡ. ಕೊನೆಗೆ ಮೂತಿ ಬಿಚ್ಚುತ್ತೇನೆ. ತಿರುಪು ಲೋಹದ್ದಾಗಿದ್ದರೆ ಸಮಾಧಾನ, ಪ್ಲಾಸ್ಟಿಕ್ ತಿರುಪು ಬಿಚ್ಚಿ ಹಾಕಿ ಮಾಡಿದಂತೆ ಸವೆಯುತ್ತದೆ. ಲೆಡ್ಡನ್ನು ಕಚ್ಚಿ ಹಿಡಿಯುವ ಒಳಗಿನ ಭಾಗ ಹಿತ್ತಾಳೆಯದಾದರೆ ಇನ್ನೂ ಒಳ್ಳೆಯದು.

ಬಣ್ಣ ಅವರ ಇಷ್ಟದ್ದಿರಲಿ.

ಉಡುಗೊರೆ ಕಟ್ಟುವಾಗ ಅದೇ ದಪ್ಪದ ಒಂದು ಡಬ್ಬಿ ಲೆಡ್ ಜೊತೆಗಿಡಿ. ಬರವಣಿಗೆಗೆ ಎಚ್‌ಬಿ, ಚಿತ್ರಕ್ಕೆ 2ಬಿ. ಒಂದು ಚೀಟಿಯೂ ಇರಲಿ: ಒಳಗೆ ಎರಡು ಮೂರು ಲೆಡ್ ಸಾಕು, ತುರುಕಿದರೆ ಸಿಕ್ಕಿಕೊಳ್ಳುತ್ತದೆ. ಕೆಲವು ಪೆನ್ಸಿಲ್‌ಗಳ ರಬ್ಬರ್ ಅಡಿಯಲ್ಲಿ ಸಣ್ಣ ಸೂಜಿ ಇರುತ್ತದೆ. ಸಿಕ್ಕಿದ ಲೆಡ್ ತೆಗೆಯಲು ಅದೇ ಬೇಕು, ಎಸೆಯಬೇಡ ಅಂತಲೂ ಬರೆಯಿರಿ.