ಮೊದಲ ಬ್ಯಾಂಡ್‌ಗೇ ಹೋಗಿಬಿಡಿ: ಸಣ್ಣ ಕ್ಲಬ್‌ನಲ್ಲಿ ಲೈವ್ ಸಂಗೀತ ಕೇಳುವ ನನ್ನ ಅನುಭವ

ಸಣ್ಣ ಕ್ಲಬ್‌ಗಳಿಗೆ ಹೋಗಿ ಇಂಡೀ ಬ್ಯಾಂಡ್‌ಗಳನ್ನು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಬ್ಯಾಂಡ್‌ಗಳನ್ನು, ಕೇಳುವುದು ನನಗೆ ಬಹಳ ವರ್ಷಗಳ ಅಭ್ಯಾಸ. "ಹೆಸರೇ ಕೇಳದ ಬ್ಯಾಂಡ್‌ಗೆ ಯಾಕೆ ಹೋಗ್ತೀಯಾ? ಒಂದು ಹಾಡೂ ಗೊತ್ತಿಲ್ವಲ್ಲ?" ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಗೊತ್ತಿಲ್ಲ ಅನ್ನೋದಕ್ಕೇ ಹೋಗುವುದು. ನೂರೋ ನೂರೈವತ್ತೋ ಜನ ಹಿಡಿಸುವ ಕೋಣೆ, ಮೊಣಕಾಲೆತ್ತರದ ಸ್ಟೇಜು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಗಿಟಾರ್ ನುಡಿಸುವವರು. ಅಲ್ಲಿ ಹೊಸ ಹಾಡು ಮೊದಲ ಸಲ ಕಿವಿಗೆ ಬೀಳುವ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಂಥ ರಾತ್ರಿಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಬ್ಯಾಂಡ್ ಇರುತ್ತವೆ. ಹೆಸರಿರುವ ಬ್ಯಾಂಡ್ ಕೊನೆಗೆ. ಹೆಚ್ಚಿನವರು ಅದಕ್ಕೆ ಸರಿಯಾಗಿ ಬಂದು ಸೇರುತ್ತಾರೆ. ನಾನು ಮಾತ್ರ ಮೊದಲ ಬ್ಯಾಂಡ್ ತಂತಿ ಶ್ರುತಿ ಮಾಡುವ ಹೊತ್ತಿಗೇ ಒಳಗೆ ಇರುತ್ತೇನೆ. ಯಾಕೆ ಅಂದರೆ, ಮೊದಲ ಬ್ಯಾಂಡ್‌ಗೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಅವರು ತಮ್ಮ ಹತ್ತಿರ ಇರುವ ಆರೋ ಏಳೋ ಒಳ್ಳೆಯ ಹಾಡುಗಳನ್ನೇ ತೆಗೆಯುತ್ತಾರೆ, ಸುಮ್ನೆ ಜಾಗ ತುಂಬಿಸುವ ಹಾಡು ಇರುವುದಿಲ್ಲ. ಎದುರಿಗೆ ಇಪ್ಪತ್ತು ಜನ ಇದ್ದರೆ ಇಪ್ಪತ್ತು ಜನರ ಮುಖವೂ ಅವರಿಗೆ ಕಾಣುತ್ತದೆ. ನೀವು ತಲೆದೂಗಿದರೆ ಡ್ರಮ್ಸ್ ನುಡಿಸುವವನಿಗೆ ಗೊತ್ತಾಗುತ್ತದೆ. ಸ್ಟೇಡಿಯಂನಲ್ಲಿ ಹತ್ತು ಸಾವಿರ ಜನರ ನಡುವೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಲ್ಲಿ ಹಾಗಲ್ಲ.

ಆ ಇಪ್ಪತ್ತು ಮೂವತ್ತು ಜನರನ್ನು ಕಡೆಗಣಿಸಬಾರದು ಅನ್ನೋದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. 1976ರ ಜೂನ್ 4ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಚಿಕ್ಕ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್ ನುಡಿಸಿತು. ಬಂದಿದ್ದವರು ತೀರಾ ಕಡಿಮೆ. ಆದರೆ ಆ ಕೆಲವೇ ಜನರಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಇದ್ದರು. ಮುಂದೆ ಜಾಯ್ ಡಿವಿಷನ್ ಎಂಬ ಹೆಸರಾಂತ ಬ್ಯಾಂಡ್ ಕಟ್ಟಿದವರು ಅವರೇ. ಆ ಕಾರ್ಯಕ್ರಮ ಏರ್ಪಡಿಸಿದ್ದ ಹೊವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಬಝ್‌ಕಾಕ್ಸ್ ಬ್ಯಾಂಡಿನವರು. 1977ರ ಜನವರಿಯಲ್ಲಿ ಅವರು ಯಾವ ದೊಡ್ಡ ಕಂಪನಿಗೂ ಕಾಯದೆ, ತಮ್ಮದೇ ಲೇಬಲ್ ಮಾಡಿಕೊಂಡು ನಾಲ್ಕು ಹಾಡಿನ ರೆಕಾರ್ಡ್ ಹೊರತಂದರು. ಅವತ್ತು ಹಾಲ್ ಖಾಲಿ ಹೊಡೆಯುತ್ತಿದೆ ಅಂತ ಹುಕ್, ಸಮ್ನರ್ ವಾಪಸ್ ಹೋಗಿದ್ದರೆ?

ಯಾವ ರಾತ್ರಿಗೆ ಹೋಗಬೇಕು ಅಂತ ಹೇಗೆ ಆರಿಸುತ್ತೇನೆ? ಬ್ಯಾಂಡ್‌ಗಿಂತ ಜಾಸ್ತಿ, ಬ್ಯಾಂಡ್‌ಗಳನ್ನು ಕರೆಸುವ ಮನುಷ್ಯನನ್ನು ನೋಡುತ್ತೇನೆ. ಪ್ರತಿ ಒಳ್ಳೆಯ ಕ್ಲಬ್‌ನ ಹಿಂದೆ ಕಿವಿ ಚೆನ್ನಾಗಿರುವ ಒಬ್ಬರು ಇದ್ದೇ ಇರುತ್ತಾರೆ. ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬನ್ನೇ ತೆಗೆದುಕೊಳ್ಳಿ. 1973ರಲ್ಲಿ ಹಿಲಿ ಕ್ರಿಸ್ಟಲ್ ಅದನ್ನು ಶುರು ಮಾಡಿದ್ದು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಸಂಗೀತಕ್ಕೆ. ಹೆಸರು ಕೂಡ ಆ ಮೂರರ ಮೊದಲಕ್ಷರಗಳಿಂದಲೇ ಬಂದದ್ದು. ಆದರೆ ಬಾಗಿಲಿಗೆ ಬಂದವರು ಬೇರೆ ಥರದ ಹುಡುಗರು. ಬೇರೆಯವರ ಹಾಡು ನುಡಿಸಬೇಡಿ, ನಿಮ್ಮದೇ ಹಾಡು ತನ್ನಿ ಎಂಬ ಷರತ್ತಿನ ಮೇಲೆ ಅವರಿಗೆ ಜಾಗ ಸಿಕ್ಕಿತು. 1974ರಲ್ಲಿ ರಮೋನ್ಸ್ ಬ್ಯಾಂಡಿನವರು ಅಲ್ಲಿ ನುಡಿಸಲು ಶುರು ಮಾಡಿದರು. ಟಾಕಿಂಗ್ ಹೆಡ್ಸ್, ಬ್ಲಾಂಡಿ, ಪ್ಯಾಟಿ ಸ್ಮಿತ್ ಎಲ್ಲ ಅದೇ ಇಕ್ಕಟ್ಟಾದ ಸ್ಟೇಜಿನಿಂದ ಮೇಲೆ ಬಂದವರು. ಹಾಗಾಗಿ ಒಂದು ಕ್ಲಬ್‌ನಲ್ಲಿ ಎರಡು ಮೂರು ಸಲ ಒಳ್ಳೆಯ ಬ್ಯಾಂಡ್ ಕೇಳಿದೆ ಅಂದರೆ, ಆಮೇಲೆ ಅಲ್ಲಿ ಯಾರು ನುಡಿಸುತ್ತಾರೆ ಅಂತ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಹೊರಡುವ ಮುಂಚೆ ಒಂದೋ ಎರಡೋ ಹಾಡು ಕೇಳುತ್ತೇನೆ, ಅಷ್ಟೇ. ಇಡೀ ಆಲ್ಬಮ್ ಕೇಳಿ ಹೋದರೆ ರೆಕಾರ್ಡಿಂಗ್ ಜೊತೆ ಹೋಲಿಸುತ್ತಾ ಕೂರುತ್ತೇವೆ. ಎದುರಿಗೆ ಆಗುತ್ತಿರುವುದು ಕೈತಪ್ಪುತ್ತದೆ.

ಈಗ ಎಲ್ಲಿ ನಿಲ್ಲಬೇಕು ಅನ್ನುವ ವಿಷಯ. ಎಲ್ಲರಿಗೂ ಮುಂದೆ ನಿಲ್ಲುವ ಆಸೆ. ಮುಖ ನೋಡಲು ಅದು ಸರಿ, ಹಾಡಿನ ಮಾತು ಕೇಳಲು ಅಲ್ಲ. ದೊಡ್ಡ ಸಂಗೀತ ಕಛೇರಿಗಳಲ್ಲಿ ಎಲ್ಲ ಸದ್ದೂ ಸ್ಪೀಕರ್‌ಗಳಿಂದಲೇ ಬರುತ್ತದೆ. ಸಣ್ಣ ಕ್ಲಬ್‌ನಲ್ಲಿ ಡ್ರಮ್ಸ್ ಸದ್ದು ಡ್ರಮ್ಸ್‌ನಿಂದಲೇ ಬರುತ್ತದೆ, ಗಿಟಾರ್ ಸದ್ದು ಅದರ ಆಂಪ್‌ನಿಂದ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ನೇರ ಬರುತ್ತದೆ. ಹಾಡುವವರ ಧ್ವನಿ ಮಾತ್ರ ಸ್ಟೇಜಿನ ಎರಡು ಪಕ್ಕದ ದೊಡ್ಡ ಸ್ಪೀಕರ್‌ಗಳಿಂದ. ಅವು ನಿಮ್ಮ ತಲೆಯ ಆಚೆ, ಹಿಂದಿನವರ ಕಡೆಗೆ ತಿರುಗಿರುತ್ತವೆ. ಆದ್ದರಿಂದ ಸ್ಟೇಜಿಗೆ ಅಂಟಿಕೊಂಡು ನಿಂತವರಿಗೆ ಗಿಟಾರ್ ಅಬ್ಬರ ಕೇಳುತ್ತದೆ, ಹಾಡುವವರ ತುಟಿ ಅಲ್ಲಾಡುವುದು ಕಾಣುತ್ತದೆ. ಪದ ಕಿವಿಗೆ ಬೀಳುವುದಿಲ್ಲ.

ನನ್ನ ಜಾಗ ಸೌಂಡ್ ಇಂಜಿನಿಯರ್ ಇರುವ ಮೇಜಿನ ಹತ್ತಿರ, ಅದರ ಸ್ವಲ್ಪ ಮುಂದೆ. ಅವರು ಅಲ್ಲಿ ನಿಂತು ಕೇಳಿಯೇ ಎಲ್ಲವನ್ನೂ ಹದ ಮಾಡುತ್ತಿರುತ್ತಾರೆ. ಅವರ ಕಿವಿಗೆ ಸರಿ ಕೇಳಿದ್ದು ನನಗೂ ಸರಿ ಕೇಳುತ್ತದೆ. ಗೋಡೆಯ ಮೂಲೆಗೆ ಮಾತ್ರ ಹೋಗುವುದಿಲ್ಲ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ 8 ಮೀಟರಿಗೂ ಜಾಸ್ತಿ. ಸಣ್ಣ ಕೋಣೆಯಲ್ಲಿ ಅಂಥ ಅಲೆಗಳು ಗೋಡೆಗೆ ಬಡಿದು ಮೂಲೆಯಲ್ಲಿ ಒಟ್ಟಾಗುತ್ತವೆ. ಅಲ್ಲಿ ನಿಂತರೆ ಹೊಟ್ಟೆಯೊಳಗೆ ಗುಂಯ್ ಅನ್ನುವುದೇ ಹೆಚ್ಚು. ಒಂದೆರಡು ಹೆಜ್ಜೆ ಸರಿದರೂ ಸಾಕು, ಹಾಡು ಬಿಡಿಸಿಕೊಂಡಂತೆ ಕೇಳುತ್ತದೆ. ಮೊದಲ ಹಾಡಿನ ಹೊತ್ತಿಗೆ ನಾನು ಮೆಲ್ಲಗೆ ಅತ್ತಿತ್ತ ಓಡಾಡಿ ಜಾಗ ಗಟ್ಟಿ ಮಾಡಿಕೊಳ್ಳುತ್ತೇನೆ. ಬೇಗ ಬಂದವರಿಗೆ ಈ ಸವಲತ್ತು ಇದೆ, ಕೋಣೆ ಇನ್ನೂ ಖಾಲಿ ಇರುತ್ತದಲ್ಲ.

ಜನ ತುಂಬಿದ ಮೇಲೆ ಸದ್ದೇ ಬದಲಾಗುವುದನ್ನೂ ಕೇಳಿ ನೋಡಿ. ಮೈ, ಬಟ್ಟೆ ಎರಡೂ ಸದ್ದನ್ನು ಹೀರುತ್ತವೆ. ಅದರಲ್ಲೂ ಸಿಂಬಲ್‌ನ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಚುರುಕು ಸದ್ದು ಬೇಗ ಮೆತ್ತಗಾಗುತ್ತದೆ. ಸಂಜೆ ಖಾಲಿ ಕೋಣೆಯಲ್ಲಿ ಮಾಡಿದ ಸೌಂಡ್ ಚೆಕ್ ರಾತ್ರಿ ಅಷ್ಟಕ್ಕಷ್ಟೇ. ಒಳ್ಳೆಯ ಇಂಜಿನಿಯರ್ ಮೊದಲ ಎರಡು ಹಾಡಿನ ಹೊತ್ತು ಕೈ ತೆಗೆಯದೆ ಕೆಲಸ ಮಾಡುತ್ತಿರುತ್ತಾರೆ. ಆಗ ಅವರ ಹತ್ತಿರ ಮಾತಿಗೆ ನಿಲ್ಲಬೇಡಿ.

ಕಿವಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಸದ್ದೊಂದೇ 100 ಡೆಸಿಬಲ್ ಮುಟ್ಟುತ್ತದೆ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ನಿಯಾಶ್ (NIOSH) ಸಂಸ್ಥೆ ಕೆಲಸದ ಜಾಗಗಳಿಗೆ ಹೇಳಿರುವ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 100ಕ್ಕೆ ಬರೀ 15 ನಿಮಿಷ! ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗಾಗಿ ಹೊರತಂದ ಮಾನದಂಡದಲ್ಲೂ ಸರಾಸರಿ 100 ಡೆಸಿಬಲ್ ಮೀರಬಾರದು ಅಂತಿದೆ. ಮೂರು ಬ್ಯಾಂಡ್ ಕೇಳುವವರಿಗೆ ಇಯರ್‌ಪ್ಲಗ್ ಬೇಕೇ ಬೇಕು. ಸ್ಪಂಜಿನದು ಬೇಡ, ಅದು ಮೇಲಿನ ಸ್ವರಗಳನ್ನು ನುಂಗಿ ಎಲ್ಲವನ್ನೂ ಮಂಕು ಮಾಡುತ್ತದೆ. ಸಂಗೀತಗಾರರಿಗೆ ಅಂತಲೇ ಫಿಲ್ಟರ್ ಇರುವವು ಸಿಗುತ್ತವೆ. ಅವು ಮೇಲು ಕೆಳಗು ಎಲ್ಲ ಸ್ವರವನ್ನೂ ಹೆಚ್ಚು ಕಡಿಮೆ ಒಂದೇ ಸಮ ತಗ್ಗಿಸುತ್ತವೆ. ಹಾಕಿಕೊಂಡರೆ ಹಾಡಿನ ಪದ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ನಂಬಿ. ನನ್ನದು ಕೀಲಿಗೊಂಚಲಿಗೇ ತೂಗುಹಾಕಿದ್ದೇನೆ, ಮರೆಯುವ ಮಾತೇ ಇಲ್ಲ. ಬ್ಯಾಂಡ್ ಬದಲಾಗುವ ಹೊತ್ತಿನಲ್ಲಿ ಹೊರಗೆ ಬಂದು ಕಿವಿಗೆ ಸ್ವಲ್ಪ ಬಿಡುವು ಕೊಡುವುದೂ ಒಳ್ಳೆಯದು.

ಆದರೆ ಪೂರ್ತಿ ಹೊತ್ತು ಹೊರಗೆ ಇರಬೇಡಿ. ಆ ಹದಿನೈದು ಇಪ್ಪತ್ತು ನಿಮಿಷ ನೋಡಲು ಚೆಂದ. ಬ್ಯಾಂಡಿನವರೇ ತಮ್ಮ ಆಂಪ್ ಹೊತ್ತು ತರುತ್ತಾರೆ. ಬೇಸ್ ಡ್ರಮ್ ಒದ್ದಾಗ ಮುಂದಕ್ಕೆ ಜಾರದಿರಲಿ ಅಂತ ಕೆಳಗೆ ಹಳೆಯ ರತ್ನಗಂಬಳಿ ಹಾಸುತ್ತಾರೆ. ದಪ್ಪ ಮಾರ್ಕರ್‌ನಲ್ಲಿ ಬರೆದ ಹಾಡುಗಳ ಪಟ್ಟಿಯನ್ನು ನೆಲಕ್ಕೆ ಟೇಪ್ ಹಚ್ಚಿ ಅಂಟಿಸುತ್ತಾರೆ. ಹಾಡುವವರು ಇಂಜಿನಿಯರ್ ಕಡೆ ನೋಡಿ ಮೊದಲು ಕಾಲ ಬಳಿಯ ಮಾನಿಟರ್ (ಹಾಡುವವರಿಗೇ ಕೇಳಲು ಇಟ್ಟ ಸ್ಪೀಕರ್) ತೋರಿಸಿ, ಆಮೇಲೆ ಬೆರಳು ಮೇಲೆತ್ತುತ್ತಾರೆ. "ನನ್ನ ಧ್ವನಿ ನನಗೆ ಇನ್ನಷ್ಟು ಕೊಡಿ" ಅಂತ ಅದರ ಅರ್ಥ. ಮೈಕ್ ನೋಡಿದರೆ ಬಹಳ ಸಲ ಶೂರ್ ಎಸ್ಎಂ58 ಇರುತ್ತದೆ. 1966ರಿಂದ ಬರುತ್ತಿರುವ ಅದೇ ಮೈಕು, ಗುಂಡನೆಯ ಜಾಲರಿ ತಲೆಯದು. ಕೆಳಗೆ ಬಿದ್ದರೂ ಹಾಡುತ್ತದೆ ಅಂತಲೇ ಅದಕ್ಕೆ ಹೆಸರು.

ಒಂದು ರಾತ್ರಿ ಕೊನೆಯ ಬ್ಯಾಂಡಿನ ಗಿಟಾರಿಸ್ಟ್‌ಗೆ ಹಾಡಿನ ನಡುವೆ ತಂತಿ ಹರಿಯಿತು. ಅವಳ ಹತ್ತಿರ ಇನ್ನೊಂದು ಗಿಟಾರ್ ಇರಲಿಲ್ಲ. ಬೇಸ್ ಮತ್ತು ಡ್ರಮ್ಸ್ ನಿಲ್ಲಲಿಲ್ಲ, ಅದೇ ನಾಲ್ಕು ಸ್ವರ ಸುತ್ತುತ್ತಲೇ ಇದ್ದವು. ಮೊದಲ ಬ್ಯಾಂಡಿನಲ್ಲಿ ನುಡಿಸಿದ್ದ ಹುಡುಗ ಜನರ ನಡುವಿನಿಂದ ತನ್ನ ಗಿಟಾರ್ ಎತ್ತಿ ಹಿಡಿದು ಬಂದ. ಅವಳು ಕೇಬಲ್ ಕಿತ್ತು ಚುಚ್ಚಿ, ಒಂದು ತಂತಿಯ ಶ್ರುತಿ ಇಳಿಸಿಕೊಂಡು, ಸರಿಯಾದ ಕಡೆಯಲ್ಲಿ ಹಾಡಿಗೆ ಇಳಿದಳು. ಇಡೀ ಕೋಣೆ ಕೂಗಿತು. ಮೊದಲ ಬ್ಯಾಂಡ್ ಕೇಳಿದ್ದವರು ಆ ಗಿಟಾರನ್ನು ಗುರುತು ಹಿಡಿದು ಇನ್ನೂ ಜೋರಾಗಿ ಕೂಗಿದರು.

ಹಾಡು ನಡೆಯುವಾಗ ಮಾತಾಡುವುದು ನನಗೆ ಸಹಿಸಲು ಆಗದ ಸಂಗತಿ. ಸಣ್ಣ ಕೋಣೆಯಲ್ಲಿ ಹಿಂದಿನ ಸಾಲಿನ ಹರಟೆ ಸ್ಟೇಜಿನವರೆಗೂ ಹೋಗುತ್ತದೆ. ಮೆಲ್ಲನೆಯ ಹಾಡಿನಲ್ಲಂತೂ ಹಾಡುವವರ ಮುಖದಲ್ಲೇ ಅದು ಕಾಣುತ್ತದೆ. ಏನಾದರೂ ಹೇಳಲೇಬೇಕಿದ್ದರೆ ಹೊರಗೆ ಹೋಗಿ ಹೇಳಬಹುದು ಅಲ್ವಾ? ಫೋನಿನಲ್ಲಿ ಒಂದು ಹಾಡಿನ ತುಣುಕು ಹಿಡಿದು, ಬ್ಯಾಂಡಿನ ಹೆಸರು ಹಾಕಿ ಹಂಚುವುದು ಅವರಿಗೆ ಉಪಕಾರವೇ. ಇಡೀ ಹೊತ್ತು ಕೈ ಮೇಲೆತ್ತಿ ಹಿಂದಿನವರಿಗೆ ಅಡ್ಡ ನಿಲ್ಲುವುದು ಬೇಡ.

ಒಬ್ಬರೇ ಹೋಗಲು ಹಿಂಜರಿಯುವವರಿಗೆ ಒಂದು ಮಾತು: ಹೋಗಿ. ಹಾಡು ನಡೆಯುವಾಗ ಹೇಗಿದ್ದರೂ ಮಾತಿಲ್ಲ. ನಡುವೆ ಸಿಗುವ ಬಿಡುವಿನಲ್ಲಿ "ಈ ಬ್ಯಾಂಡ್ ಮುಂಚೆ ಕೇಳಿದ್ದೀರಾ?" ಎಂದರೆ ಸಾಕು, ಪಕ್ಕದವರು ಮಾತಿಗೆ ಸಿಗುತ್ತಾರೆ.

ದುಡ್ಡಿನ ವಿಷಯವನ್ನೂ ನೇರವಾಗಿ ಹೇಳುತ್ತೇನೆ. ಸಣ್ಣ ಬ್ಯಾಂಡ್‌ಗೆ ಬಾಗಿಲಲ್ಲಿ ಕೂಡಿದ ಹಣದಲ್ಲಿ ಸಿಗುವ ಪಾಲು ಬಹಳ ಸಲ ಓಡಾಟದ ಖರ್ಚಿಗೇ ಸರಿಹೋಗುತ್ತದೆ. ಹಿಂದೆ ಮೇಜಿನ ಮೇಲೆ ಇಟ್ಟಿರುವ ಟೀ ಶರ್ಟ್, ರೆಕಾರ್ಡ್, ಕ್ಯಾಸೆಟ್‌ಗಳೇ ಅವರ ಕೈ ಹಿಡಿಯುವುದು. ಅದಕ್ಕೇ ನಾನು ಹೊರಡುವಾಗಲೇ ಟಿಕೆಟ್ ದುಡ್ಡಿನಷ್ಟೇ ಇನ್ನೊಂದು ಪಾಲು ಬೇರೆ ತೆಗೆದಿಡುತ್ತೇನೆ. ಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ ಆಮೇಲೆ ಬ್ಯಾಂಡ್‌ಗಳು ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಅವರ ಆಲ್ಬಮ್ ಕೊಳ್ಳುತ್ತೇನೆ. 2008ರಲ್ಲಿ ಶುರುವಾದ ಈ ತಾಣ 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಕ್ಲಬ್‌ಗಳೆಲ್ಲ ಮುಚ್ಚಿದಾಗ, ಒಂದು ಶುಕ್ರವಾರ ಮಾರಾಟದಲ್ಲಿ ತನ್ನ ಪಾಲನ್ನೇ ಬಿಟ್ಟುಕೊಟ್ಟಿತು. ಆಮೇಲೂ ಅಂಥ ಶುಕ್ರವಾರಗಳು ಬಂದವು. ನಾನು ದಿನ ನೋಡಿಕೊಂಡು ಕೊಳ್ಳುವುದು ಅದಕ್ಕೇ.

ಕ್ಲಬ್‌ಗೂ ನಮ್ಮ ಕಡೆಯಿಂದ ಒಂದಿಷ್ಟು ಸಲ್ಲಬೇಕು. ಇಂಥ ಜಾಗಗಳು ಮುಚ್ಚಲು ಬಾಡಿಗೆ ಒಂದು ಕಾರಣ, ಪಕ್ಕದ ಮನೆಯವರ ದೂರು ಇನ್ನೊಂದು. ಸಿಬಿಜಿಬಿ ಕೂಡ ಬಾಡಿಗೆಯ ಜಗಳದಲ್ಲೇ 2006ರಲ್ಲಿ ಬಾಗಿಲು ಹಾಕಿತು. ಬ್ರಿಟನ್‌ನಲ್ಲಿ 2014ರಲ್ಲಿ ಹುಟ್ಟಿದ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಸಣ್ಣ ಜಾಗಗಳನ್ನು ಉಳಿಸಲೆಂದೇ ಕೆಲಸ ಮಾಡುತ್ತಿದೆ. ಮೊದಲಿನಿಂದ ಇರುವ ಕ್ಲಬ್ ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟುವವರೇ ಸದ್ದು ತಡೆಯುವ ಏರ್ಪಾಡು ಮಾಡಬೇಕು ಎಂಬ ತತ್ವವನ್ನು ಇಂಗ್ಲೆಂಡಿನ ಯೋಜನಾ ನೀತಿಯಲ್ಲಿ 2018ರಲ್ಲಿ ಸೇರಿಸಿದರು. ಬಹಳ ನ್ಯಾಯವಾದ ಮಾತು ಅದು. ಆದರೆ ನೀತಿ ಏನೇ ಇರಲಿ, ರಾತ್ರಿ ಹೊರಗೆ ಬಂದು ಬೀದಿಯಲ್ಲಿ ಗಟ್ಟಿಯಾಗಿ ಮಾತಾಡುವುದನ್ನು ಬಿಡುವುದು ನಮ್ಮ ಕೈಯಲ್ಲೇ ಇದೆ. ದೂರು ಹುಟ್ಟುವುದು ಎಷ್ಟೋ ಸಲ ಬಾಗಿಲ ಹೊರಗಿನ ಗಲಾಟೆಯಿಂದ.

ಹೊರಡುವ ಮುಂಚೆ ಮೊದಲ ಬ್ಯಾಂಡಿನವರನ್ನು ಹುಡುಕಿ ಮಾತಾಡಿಸುತ್ತೇನೆ. ಅವರು ಸಾಮಾನ್ಯವಾಗಿ ಅಲ್ಲೇ ಗೋಡೆಗೆ ಒರಗಿ ನಿಂತಿರುತ್ತಾರೆ, ಯಾರೂ ಬಂದು ಮಾತಾಡಿಸಿರುವುದಿಲ್ಲ. "ಚೆನ್ನಾಗಿತ್ತು" ಅಂದು ಬಿಡುವುದಿಲ್ಲ. "ಮೂರನೇ ಹಾಡಲ್ಲಿ ಡ್ರಮ್ಸ್ ನಿಂತು ಬರೀ ಧ್ವನಿ ಉಳೀತಲ್ಲ, ಅದು ತುಂಬಾ ಹಿಡಿಸ್ತು" ಅಂತ ಗುರುತಿಟ್ಟು ಹೇಳುತ್ತೇನೆ. ಕೂಡಲೇ ಆ ಹಾಡು ಹೇಗೆ ಕಟ್ಟಿದರು, ಮುಂದಿನ ಸಲ ಎಲ್ಲಿ ನುಡಿಸುತ್ತಾರೆ ಅಂತ ತಾವಾಗಿಯೇ ಹೇಳಲು ಶುರು ಮಾಡುತ್ತಾರೆ. ಆ ತಾರೀಕನ್ನು ಅಲ್ಲೇ ಫೋನಿನಲ್ಲಿ ಬರೆದುಕೊಳ್ಳುತ್ತೇನೆ.