ಸ್ಮಾರ್ಟ್ ‘ಪಾಸ್’ ಅಂದ ಡಿಸ್ಕ್

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ದೊಡ್ಡದೇನಲ್ಲ. ಲಿನಕ್ಸ್ ಹಾಕಿದ ಒಂದು ಡಬ್ಬಿ, ಎರಡು ಡಿಸ್ಕ್, ಒಂದರ ನಕಲು ಇನ್ನೊಂದರಲ್ಲಿ.

ಗುರುವಾರ, ಟೆಂಡರ್ ದಿನ, ಗುಮಾಸ್ತರ ಫೋನ್ ಬಂತು. “ಸರ, ಪಟ್ಟಿ ಬರಾಕ ಬಾಳ ಹೊತ್ತು ಹಿಡಿಯಾಕತ್ತೈತ್ರಿ. ಡಬ್ಬಿ ಒಳಗ ಟಕ್ ಟಕ್ ಅಂತೈತ್ರಿ.” ಹಿಂದಿನ ವಾರವೂ ನಿಧಾನ ಅಂದಿದ್ದರು. ಸೀಸನ್ ಅಲ್ವಾ, ಬಿಲ್ ಜಾಸ್ತಿ ಇರುತ್ತವೆ ಅಂತ ನಾನೇ ಸುಮ್ನೆ ಬಿಟ್ಟಿದ್ದೆ.

ಹುಬ್ಬಳ್ಳಿಯಿಂದ ಓಡಿದೆ. ಯಂತ್ರದ ಹೊರೆ ತೋರಿಸುವ ‘ಟಾಪ್’ ಕಮಾಂಡ್ ನೋಡಿದರೆ ಪ್ರೊಸೆಸರ್‌ಗೆ ಕೆಲಸವೇ ಇಲ್ಲ, ಡಿಸ್ಕ್‌ಗಾಗಿ ಕಾಯುವ ಹೊತ್ತು ತೋರಿಸುವ ‘ಡಬ್ಲ್ಯುಎ’ ಮಾತ್ರ ಶೇ. 40 ದಾಟಿತ್ತು. ಲಿನಕ್ಸ್ ಬರೆದಿಡುವ ಸಂದೇಶಗಳ ಪಟ್ಟಿ ‘ಡಿಮೆಸೇಜ್’ ತುಂಬ ಒಂದೇ ಡಿಸ್ಕಿನ ಐ/ಒ ಎರರ್, ಅಂದರೆ ಓದು-ಬರಹದ ತಪ್ಪುಗಳು.

ಆದರೂ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಲೆಕ್ಕ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ಮೇಲ್ಗಡೆ ‘ಪಾಸ್ಡ್’ ಅಂತಲೇ ಹೇಳಿತು! ಡಿಸ್ಕ್ ಮಾಡಿದವರು ಹಾಕಿಕೊಂಡ ಗೆರೆ ದಾಟಿಲ್ಲ ಅಂತಷ್ಟೇ ಅದರ ಅರ್ಥ. ನಾನು ನೋಡುವುದು ಕೆಳಗಿನ ಅಂಕಿಗಳನ್ನು. 5ನೇ ಸಾಲು, ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು): 24. 197ನೇದು, ಓದಲಾಗದೆ ತೀರ್ಪಿಗೆ ಕಾದು ಕೂತವು: 16. ಅರ್ಧ ಗಂಟೆ ಬಿಟ್ಟು ನೋಡಿದರೆ 16 ಹೋಗಿ 40 ಆಗಿತ್ತು. ಸಣ್ಣ ಅಂಕಿ ವರ್ಷಗಟ್ಟಲೆ ಹಾಗೇ ನಿಂತಿದ್ದರೆ ನನಗೆ ಅಷ್ಟು ಭಯವಿಲ್ಲ, ಏರುತ್ತಿದ್ದರೆ ಭಯ. 199ನೇದು, ಕೇಬಲ್‌ನಲ್ಲಿ ಡೇಟಾ ಸಾಗುವಾಗಿನ ತಪ್ಪುಗಳು, ಸೊನ್ನೆ ಇತ್ತು. ಅದೊಂದೇ ಏರಿದ್ದರೆ ಮೊದಲು ಕೇಬಲ್ ಬದಲಿಸಬೇಕು. ಇದು ಗೊತ್ತಿಲ್ಲದೆ ಹಿಂದೊಮ್ಮೆ ಒಳ್ಳೆ ಡಿಸ್ಕನ್ನೇ ಗುಜರಿಗೆ ಹಾಕಿದ್ದೇನೆ.

ಸ್ಮಾರ್ಟ್ ಸುಮ್ಮನಿದ್ದರೂ ಡಿಸ್ಕ್ ಸಾಯಬಹುದು. ಗೂಗಲ್‌ನವರು 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಕೊಟ್ಟಾಗ, ಕೆಟ್ಟವುಗಳಲ್ಲಿ ಶೇ. 56ಕ್ಕಿಂತ ಹೆಚ್ಚಿನವು ಮುಖ್ಯ ನಾಲ್ಕು ಅಂಕಿಗಳಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ.

ಲಾಂಗ್ ಟೆಸ್ಟ್ ಹಾಕಲು ಕೈ ತುರಿಸಿತು. ತಡೆದುಕೊಂಡೆ. ಅದು ಡಿಸ್ಕ್ ಪೂರ್ತಿ ಓದಿಸುತ್ತದೆ, ಸಾಯುವುದಕ್ಕೆ ಅಷ್ಟೇ ಸಾಕು. ಮೊದಲು ಡೇಟಾಬೇಸನ್ನು ಹೊರಗಿನ ಡಿಸ್ಕಿಗೆ ತೆಗೆದೆ. ಎರಡೂ ಒಂದೇ ದಿನ ಕೊಂಡ ಡಿಸ್ಕ್‌ಗಳು, ಹಾಗಾಗಿ ಜೋಡಿಯ ಅಂಕಿಗಳನ್ನೂ ನೋಡಿದೆ. ಹೊಸದಕ್ಕೆ ನಕಲಾಗುವಾಗ ಪೂರ್ತಿ ಭಾರ ಅದರ ಮೇಲೇ ಬೀಳುತ್ತದೆ. ಅದು ಚೆನ್ನಾಗಿತ್ತು. ಆಮೇಲೆ ಸೀರಿಯಲ್ ನಂಬರ್ ಎರಡು ಸಲ ಓದಿಕೊಂಡೇ ಕೆಟ್ಟದ್ದನ್ನು ಬಿಚ್ಚಿದೆ.

ಡಬ್ಬಿ ತೆರೆದಾಗ ಇಬ್ಬರಿಗೂ ಸೀನು ನಿಲ್ಲಲಿಲ್ಲ. ಫ್ಯಾನ್ ತುಂಬ ಕೆಂಪು ಧೂಳು! ಡಿಸ್ಕಿನೊಳಗೆ ಅದು ಹೋಗುವುದಿಲ್ಲ, ಆದರೆ ಗಾಳಿ ಆಡದೆ ಬಿಸಿ 52 ಡಿಗ್ರಿಗೆ ಏರಿತ್ತು. ಈಗ ಹದಿನೈದು ದಿನಕ್ಕೊಮ್ಮೆ ಗುಮಾಸ್ತರು ಸರ್ವರ್ ಬಂದ್ ಮಾಡಿ, ಬಾಯಿಗೆ ಟವೆಲ್ ಕಟ್ಟಿಕೊಂಡು, ಬ್ರಷ್ ಹಿಡಿದು ಕೂರುತ್ತಾರೆ.